ತಂಗೀನ ಜರ್ಮನಿಗೆ ಓದಾಕ ಕಳಿಸಬೇಕು: ಹೊಲ ಐತಿ, ಮನಿ ಐತಿ, ಕೈಯಾಗ ರೊಕ್ಕ ಇಲ್ಲ, ಹೆಂಗ ಹೊಂದಸೋದು?

ಎಡದಂಡೆ_ಹುಡುಗ (ಸಿಂಧನೂರು)

ಎಲ್ಲರಿಗೂ ನಮಸ್ಕಾರ್ರೀ. ನನ್ನ ತಂಗಿ ಬಳ್ಳಾರಿಯಾಗ ಇಂಜಿನಿಯರಿಂಗ್ ಮೂರನೇ ವರ್ಷ, ಎಲೆಕ್ಟ್ರಿಕಲ್. ಓದಾಕ ಚಲೋ ಅದಾಳ, ಸಿಜಿಪಿಎ ಎಂಟರ ಮ್ಯಾಲೆ ಐತಿ. ಈಗ ಒಂದೇ ಹಟ ಹಿಡದಾಳ, 2027ಕ್ಕ ಡಿಗ್ರಿ ಮುಗಿದ ಕೂಡ್ಲೆ ಜರ್ಮನಿಗೆ ಮಾಸ್ಟರ್ಸ್ ಮಾಡಾಕ ಹೋಗ್ತೀನಿ, ಅಲ್ಲಿ ಫೀಸ್ ಇಲ್ಲ, ಎಲ್ಲಾ ಫ್ರೀ ಅಂತ. ಅಪ್ಪಗ ಈ ಫ್ರೀ ಅನ್ನೋ ಮಾತು ಕೇಳೇ ಅರ್ಧ ಸಮಾಧಾನ ಆಗೇತಿ, ಹೋಗ್ಲಿ ಬಿಡು ಅಂದಾರ, ನನಗ ಮಾತ್ರ ಲೆಕ್ಕ ಹಾಕಿದಷ್ಟೂ ತಲಿ ತಿರಗಾಕತ್ತೇತಿ, ಯಾಕಂದ್ರ ವೀಸಾಕ್ಕ ಬ್ಲಾಕ್ಡ್ ಅಕೌಂಟ್ ಅಂತ ಹನ್ನೆರಡು ಲಕ್ಷ ಒಮ್ಮೆಲೇ ಇಡಬೇಕಂತ, ಹಂಗಾದ್ರ ಫ್ರೀ ಎಲ್ಲಿ ಬಂತು?

ನಮ್ಮ ಪರಿಸ್ಥಿತಿ ಹೇಳಿಬಿಡ್ತೀನಿ. ಕಾಲುವಿ ನೀರಿನ ಗದ್ದಿ ಐದು ಎಕರೆ. ಮೊದಲಾದ್ರ ಎರಡು ಬೆಳಿ ಸೋನಾ ಮಸೂರಿ ಬರ್ತಿತ್ತು, 2024ರ ಆಗಸ್ಟ್‌ನಾಗ ತುಂಗಭದ್ರಾ ಡ್ಯಾಮಿನ 19ನೇ ಗೇಟ್ ಕೊಚ್ಚಿಕೊಂಡು ಹೋದಾಗಿಂದ ಎದಿ ಡವಡವ ಅಂತೈತಿ, ಈ ಸಲ ಅಂತೂ ಗೇಟ್ ಬದಲಿ ಮಾಡ್ತೀವಿ ಅಂತ ಎರಡನೇ ಬೆಳಿಗೆ ನೀರ ಬಿಡ್ಲಿಲ್ಲ. ಭತ್ತಕ್ಕ 2025-26ರ ಬೆಂಬಲ ಬೆಲೆ ಕ್ವಿಂಟಲ್‌ಗೆ 2,369 ಅಂತ ಕಾಗದದ ಮ್ಯಾಲೆ ಇತ್ತು, ಖರೀದಿ ಕೇಂದ್ರ ತೆರಿಯೋ ಹೊತ್ತಿಗೆ ಭತ್ತ ದಲ್ಲಾಳಿ ಅಂಗಡಿಗೆ ಹೋಗಿರ್ತೈತಿ. ನಾನು ತೋರಣಗಲ್ಲಿನಾಗ ಕೆಲಸ, ಕೈಗೆ 34 ಸಾವಿರ ಬರ್ತೈತಿ, ಫಾರಂ 16 (ಸಂಬಳ, ಟ್ಯಾಕ್ಸಿನ ದಾಖಲೆ) ಕೊಡ್ತಾರ. ರೂಮು, ಊಟ ಎಲ್ಲಾ ಕಳದು ತಿಂಗಳಿಗೆ ಹನ್ನೆರಡು ಸಾವಿರ ಉಳಿಸಬಹುದು, ಅದಕ್ಕಿಂತ ಜಾಸ್ತಿ ಆಗಲ್ಲ.

ಕಾಕಾ ಹೇಳ್ತಾರ ಒಂದು ಎಕರೆ ಮಾರಿಬಿಡ್ರಿ ಅಂತ. ದಲ್ಲಾಳಿ ಅಂಗಡಿಯವ್ರು ಎರಡು ರೂಪಾಯಿ ಬಡ್ಡಿಗೆ ಕೊಡ್ತೀವಿ ಅಂದಾರ. ಬ್ಯಾಂಕಿಗೆ ಹೊಲ ಅಡ ಇಟ್ರ ಎಜುಕೇಷನ್ ಲೋನ್ ಸಿಗ್ತೈತೇನು? ಇನ್ನೂ ವರ್ಷದ ಮ್ಯಾಲೆ ಟೈಮ್ ಐತಿ, ಈಗಿಂದ ಏನ್ ಶುರು ಮಾಡಬೇಕು? ಗೊತ್ತಿದ್ದವ್ರು ಸ್ವಲ್ಪ ಬಿಡಿಸಿ ಹೇಳ್ರಿ.

ಕುಕನೂರು_ಕೆಮ್ನಿಟ್ಸ್

ನಾನು ಕೊಪ್ಪಳ ಜಿಲ್ಲೆಯವ, ಈಗ ಜರ್ಮನಿಯ ಸ್ಯಾಕ್ಸನಿ ರಾಜ್ಯದಾಗ ಮಾಸ್ಟರ್ಸ್ ಮಾಡಾಕತ್ತೀನಿ, ನಮ್ಮಪ್ಪಂದೂ ಒಕ್ಕಲುತನಾನ, ಹಿಂಗಾಗಿ ನಿಮ್ಮ ಪ್ರಶ್ನೆ ಓದಿ ನಮ್ಮ ಮನೀದ ಅನ್ಸಿತು.

ಮೊದಲ ಈ ಫ್ರೀ ಅನ್ನೋದರ ಬಗ್ಗೆ. ಸರ್ಕಾರಿ ಯೂನಿವರ್ಸಿಟಿಗಳಾಗ ಬಹುತೇಕ ಕಡೆ ಟ್ಯೂಷನ್ ಫೀಸ್ ಇಲ್ಲ ಅನ್ನೋದು ಖರೇನ, ಸೆಮಿಸ್ಟರಿಗೆ ನೂರರಿಂದ ನಾಕ್ನೂರು ಯೂರೋ ಒಳಗ ಒಂದು ಕಾಂಟ್ರಿಬ್ಯೂಷನ್ ಇರ್ತೈತಿ ಅಷ್ಟ. ಆದ್ರ ಎಲ್ಲಾ ರಾಜ್ಯದಾಗೂ ಹಂಗಿಲ್ಲ ಮತ್ತ. ಬಾಡೆನ್-ವುರ್ಟೆಂಬರ್ಗ್, ಅಂದ್ರ ಸ್ಟುಟ್‌ಗಾರ್ಟ್ ಕಾರ್ಲ್ಸ್‌ರೂಹೆ ಕಡೆ, ನಮ್ಮಂಥ ಹೊರಗಿನವರಿಗೆ 2017ರಿಂದ ಸೆಮಿಸ್ಟರಿಗೆ 1,500 ಯೂರೋ ಹಚ್ಯಾರ. ಮ್ಯೂನಿಕ್‌ನ ಟೆಕ್ನಿಕಲ್ ಯೂನಿವರ್ಸಿಟಿ 2024ರಿಂದ ಮಾಸ್ಟರ್ಸ್‌ಗೆ ಸೆಮಿಸ್ಟರಿಗೆ 4,000ದಿಂದ 6,000 ಯೂರೋ ತಗೊಳಾಕತ್ತೇತಿ. ತಂಗಿಗೆ ಹೇಳ್ರಿ, ಹೆಸರು ನೋಡಿ ಲಿಸ್ಟ್ ಮಾಡೂದಕಿಂತ ರಾಜ್ಯ ನೋಡಿ, ರೂಮ್ ಬಾಡಿಗೆ ನೋಡಿ ಮಾಡು ಅಂತ. ಮ್ಯೂನಿಕ್‌ನಾಗ ಒಂದು ರೂಮಿಗೆ ಕೊಡೋ ಬಾಡಿಗಿಯಾಗ ಇಲ್ಲಿ ಬಾಡಿಗಿನೂ ಆಗಿ ಊಟಾನೂ ಆಗ್ತೈತಿ.

ಬ್ಲಾಕ್ಡ್ ಅಕೌಂಟ್ ಅಂದ್ರ ಕಟ್ಟೋ ಫೀಸ್ ಅಲ್ರೀ, ಅದು ನಿಮ್ಮ ತಂಗಿ ರೊಕ್ಕಾನ. ವರ್ಷಕ್ಕ 11,904 ಯೂರೋ ಒಮ್ಮೆ ಇಡಬೇಕು, ಇಲ್ಲಿಗೆ ಬಂದ ಮ್ಯಾಲೆ ತಿಂಗಳಿಗೆ 992ರಂಗ ಅಕಿ ಅಕೌಂಟಿಗೆ ಬಿಡ್ತಾರ, ಅದರಾಗ ಬಾಡಿಗಿ, ಊಟ, ಹೆಲ್ತ್ ಇನ್ಶೂರೆನ್ಸ್ ಎಲ್ಲಾ. ಇನ್ಶೂರೆನ್ಸ್‌ಗೇ ತಿಂಗಳಿಗೆ 140-150 ಹೋಗ್ತೈತಿ, ಅದನ್ನ ತಪ್ಪಸಾಕ ಆಗಲ್ಲ. ವೀಸಾ ಸಿಗಲಿಲ್ಲ ಅಂದ್ರ ರೊಕ್ಕ ವಾಪಸ್ ಬರ್ತೈತಿ. ತ್ರಾಸು ಏನಂದ್ರ ಈ ಮೊತ್ತ ನಿಂತಲ್ಲೇ ನಿಲ್ಲಂಗಿಲ್ಲ, 2024ರ ಆಗಸ್ಟ್ ತನಕ 11,208 ಇತ್ತು, ಸೆಪ್ಟೆಂಬರ್‌ಗೆ ಏರಿಸಿದ್ರು, ಅದರ ಮ್ಯಾಲೆ ಯೂರೋ ಆಗ ತೊಂಬತ್ತರ ಆಜುಬಾಜು ಇದ್ದಿದ್ದು ಈಗ ನೂರು ದಾಟೇತಿ. ಎರಡೂ ಕೂಡಿ ರೂಪಾಯಿ ಲೆಕ್ಕದಾಗ ಎರಡು ಲಕ್ಷ ಹತ್ರ ಜಾಸ್ತಿ ಆತು. 2027ಕ್ಕ ಹದಿಮೂರು ಲಕ್ಷ ಅಂತ ಹಿಡ್ಕೊಂಡ್ರ ಆಮ್ಯಾಲೆ ಗಾಬರಿ ಆಗಲ್ಲ.

ಈಗ ಅಸಲಿ ಮಾತು. ಈ ಹದಿಮೂರು ಲಕ್ಷದ ಬಗ್ಗೆ ಎಲ್ಲಾರೂ ತಲಿ ಕೆಡಿಸ್ಕೊಂತಾರ, ಆದ್ರ ಅದಕ್ಕ ಸಾಲ ಸಿಗ್ತೈತಿ. ಸಾಲ ಸಿಗೋಕಿಂತ ಮೊದಲ ಖರ್ಚಾಗೋ ರೊಕ್ಕ ಒಂದೈತಿ, ಅದಕ್ಕ ಯಾರೂ ಸಾಲ ಕೊಡಂಗಿಲ್ಲ, ನೀವು ಉಳಿಸೋ ಹನ್ನೆರಡು ಸಾವಿರ ಅದಕ್ಕ ಹೋಗಬೇಕು. ಎಪಿಎಸ್ ಸರ್ಟಿಫಿಕೇಟ್ ಅಂತ, ಅಂದ್ರ ನಮ್ಮ ಓದಿನ ಕಾಗದ ತಪಾಸಣೆ ಮಾಡಿ ಕೊಡೋ ಪತ್ರ, 2022ರ ನವೆಂಬರಿನಿಂದ ಇಂಡಿಯಾದವ್ರಿಗೆ ಕಡ್ಡಾಯ, ಅದಕ್ಕ 18 ಸಾವಿರ. ಐಇಎಲ್‌ಟಿಎಸ್ ಅನ್ನೋ ಇಂಗ್ಲಿಷ್ ಪರೀಕ್ಷಾಕ್ಕ ಹೆಚ್ಚೂ ಕಡಿಮಿ ಅಷ್ಟ. ಯೂನಿವರ್ಸಿಟಿಗಳ ಪರವಾಗಿ ಅರ್ಜಿ ತಗೊಳ್ಳೋ ಯೂನಿ-ಅಸಿಸ್ಟ್ ಮೂಲಕ ಅರ್ಜಿ ಹಾಕಿದ್ರ ಮೊದಲ್ನೇದಕ್ಕ 75 ಯೂರೋ, ಆಮ್ಯಾಲಿಂದು ಒಂದೊಂದಕ್ಕ 30. ಐದು ಕಡೆ ಹಾಕಿದ್ರ 195 ಯೂರೋ, ಅಂದ್ರ ಇಪ್ಪತ್ತು ಸಾವಿರ. ವೀಸಾ 75 ಯೂರೋ, ಅದಕ್ಕ ಬೆಂಗಳೂರಿಗೆ ಓಡಾಟ. ಫ್ಲೈಟ್ ಟಿಕೆಟ್ ಸೀಸನ್‌ನಾಗ ಐವತ್ತು ಸಾವಿರ ಹಿಡೀರಿ. ಇಳಿದ ಕೂಡ್ಲೆ ರೂಮಿನ ಡಿಪಾಸಿಟ್, ಎರಡು ಮೂರು ತಿಂಗಳ ಬಾಡಿಗಿಯಷ್ಟು ಕೇಳ್ತಾರ, ಬ್ಲಾಕ್ಡ್ ಅಕೌಂಟ್‌ನಿಂದ ಮೊದಲ ಕಂತು ಬರಾಕ ಇಲ್ಲಿ ಬ್ಯಾಂಕ್ ಅಕೌಂಟ್ ತೆರೀಬೇಕು, ವಿಳಾಸ ನೋಂದಣಿ ಮಾಡಿಸಬೇಕು, ಅಲ್ಲಿ ತನಕ ಕೈಯಾಗ ಐನೂರು ಆರ್ನೂರು ಯೂರೋ ಇರಬೇಕು. ಎಲ್ಲಾ ಕೂಡಿಸಿದ್ರ ಎರಡೂವರೆ ಮೂರು ಲಕ್ಷ. ನೀವು ಹದಿನೆಂಟು ತಿಂಗಳು ಉಳಿಸಿದ್ರ 2 ಲಕ್ಷ 16 ಸಾವಿರ ಆಗ್ತೈತಿ, ಒಂದು ಬೆಳಿಯಿಂದ ಸ್ವಲ್ಪ ಕೂಡಿಸಿದ್ರ ಮುಗೀತು.

ಇನ್ನೊಂದು, ಕನ್ಸಲ್ಟೆನ್ಸಿಯವ್ರ ಹತ್ರ ಹುಷಾರ್. ನಮ್ಮದು ಫ್ರೀ ಸರ್ವಿಸ್ ಅಂತಾರ, ಆಮ್ಯಾಲೆ ಪ್ರೈವೇಟ್ ಯೂನಿವರ್ಸಿಟಿಗೆ ಹಾಕಸ್ತಾರ, ಯಾಕಂದ್ರ ಕಮಿಷನ್ ಬರೋದು ಅಲ್ಲಿಂದ, ಸರ್ಕಾರಿ ಯೂನಿವರ್ಸಿಟಿ ಕಮಿಷನ್ ಕೊಡಂಗಿಲ್ಲ. ನಮ್ಮ ಕಡಿ ಹುಡುಗ್ರು ಎಷ್ಟೋ ಮಂದಿ ಫ್ರೀ ಜರ್ಮನಿ ಅಂತ ಬಂದು ವರ್ಷಕ್ಕ ಹತ್ತು ಸಾವಿರ ಯೂರೋ ಮ್ಯಾಲೆ ಫೀಸ್ ಕಟ್ಟಾಕತ್ತಾರ.

ಕೋಟೆ_ಮೆಟ್ಟಿಲು (ಬಳ್ಳಾರಿ)

ನಾನು ಬ್ಯಾಂಕ್ ಲೋನ್ ಸೆಕ್ಷನ್‌ನಲ್ಲಿ ಇದ್ದೆ, ಈಗ ರಿಟೈರ್ಡ್. ಹೊಲದ ಪ್ರಶ್ನೆಗೆ ನೇರ ಉತ್ತರ: ಎಜುಕೇಷನ್ ಲೋನ್‌ಗೆ ಸಾಗುವಳಿ ಜಮೀನು ಸಾಮಾನ್ಯವಾಗಿ ತಗೊಳ್ಳಲ್ಲ. ಎಕರೆಗೆ ಎಷ್ಟೇ ರೇಟ್ ಇರಲಿ, ತುಂಗಭದ್ರಾ ನೀರೇ ಹರೀತಿರಲಿ. ಕಾರಣ ಏನಂದ್ರೆ ಸಾಲ ಕಟ್ಟದೇ ಹೋದ್ರೆ ಬ್ಯಾಂಕಿನವರು ಆಸ್ತಿ ವಶಕ್ಕೆ ತಗೊಳ್ಳೋದು 2002ರ ಸರ್ಫೇಸಿ ಕಾಯ್ದೆ ಪ್ರಕಾರ, ಆ ಕಾಯ್ದೆ ಕೃಷಿ ಭೂಮಿಗೆ ಅನ್ವಯ ಆಗಲ್ಲ. ಹಂಗಾಗಿ ಐದು ಎಕರೆ ಗದ್ದೆ ಇದ್ದೋರಿಗೆ ಸಾಲ ಇಲ್ಲ, ಮೂವತ್ತು ನಲವತ್ತರ ಎನ್‌ಎ (ಕೃಷಿಯೇತರ) ಸೈಟ್ ಇದ್ದೋರಿಗೆ ಐತೆ. ಅನ್ಯಾಯ ಅನ್ಸುತ್ತೆ, ಕೌಂಟರ್ ಈಚೆ ಕೂತು ರೈತರಿಗೆ ಇದನ್ನ ಹೇಳೋದು ನನಗೂ ಸರಿ ಬರ್ತಿರಲಿಲ್ಲ, ಆದ್ರೆ ಇರೋದು ಹಂಗೆ.

ಮನೆ ಐತಿ ಅಂದ್ರಲ್ಲ, ಅದೇ ನಿಮ್ಮ ದಾರಿ. ಹಳ್ಳಿ ಮನೆ ಆದ್ರೆ ಪಂಚಾಯ್ತಿ ಇ-ಸ್ವತ್ತು ಬೇಕು, ಫಾರಂ 9 ಮತ್ತು 11ಎ. 11ಬಿ ಆದ್ರೆ ಒಪ್ಪೋದು ಕಷ್ಟ. ಮೂಲ ಪತ್ರ, ಕಾವೇರಿ ಪೋರ್ಟಲ್‌ನಿಂದ ಇಸಿ (ಋಣಭಾರ ಪತ್ರ), ಕಂದಾಯ ರಸೀದಿ ಇವೆಲ್ಲ ಲೀಗಲ್ ಒಪಿನಿಯನ್‌ಗೆ ಹೋಗ್ತಾವೆ. ನಾನು ನೋಡಿದ ಕೇಸ್‌ಗಳಲ್ಲಿ ಅರ್ಧಕ್ಕರ್ಧ ನಿಂತಿದ್ದು ಒಂದೇ ಕಡೆ, ಮನೆ ಇನ್ನೂ ತಾತನ ಹೆಸರಲ್ಲೇ ಇರುತ್ತೆ. ತಾತ ತೀರಿಹೋಗಿ ಇಪ್ಪತ್ತು ವರ್ಷ, ಮಕ್ಕಳು ನಾಲ್ಕು ಜನ, ಪೌತಿ (ವಾರಸುದಾರರ ಹೆಸರಿಗೆ ಬದಲಾವಣೆ) ಮಾಡ್ಸಿಲ್ಲ, ವಂಶವೃಕ್ಷ ತೆಗೆಸಿ ಎಲ್ಲರ ಸಹಿ ಹಾಕಿಸಬೇಕು ಅಂದಾಗ ಹುಬ್ಬಳ್ಳಿಗೆ ಮದುವೆ ಮಾಡಿಕೊಟ್ಟ ಅತ್ತೆ ಬರಲ್ಲ, ಕಾಕಾ ನನಗೇನು ಅಂತಾರೆ. ಹುಡುಗಿಗೆ ಅಡ್ಮಿಷನ್ ಲೆಟರ್ ಬಂದು ವೀಸಾ ಡೇಟ್ ಹತ್ರ ಬಂದಾಗ ಇದನ್ನ ಶುರು ಮಾಡಿದ್ರೆ ಆಗಲ್ಲ. ನಿಮಗೆ ವರ್ಷದ ಟೈಮ್ ಐತೆ ಅಂದ್ರಲ್ಲ, ಉಳಿತಾಯಕ್ಕಿಂತ ಮೊದಲು ಈ ಕಾಗದ ಸರಿ ಮಾಡ್ಕೊಳ್ಳಿ.

ಸಾಲದ ಲೆಕ್ಕ: 4 ಲಕ್ಷದ ತನಕ ಅಡಮಾನ ಬೇಡ, 7.5 ಲಕ್ಷದ ತನಕ ಗ್ಯಾರಂಟಿ ಮೇಲೆ ಆಗುತ್ತೆ, ಅದರ ಮೇಲೆ ಹೋದ್ರೆ ಆಸ್ತಿ ಕೇಳ್ತಾರೆ. ಹೊರದೇಶದ ಓದಿಗೆ 15 ಪರ್ಸೆಂಟ್ ಮಾರ್ಜಿನ್ ನಿಮ್ಮದು, ಅಂದ್ರೆ ಒಟ್ಟು ಖರ್ಚು 15 ಲಕ್ಷ ತೋರಿಸಿದ್ರೆ ಎರಡೂಕಾಲು ಲಕ್ಷ ನೀವು ಹಾಕಬೇಕು. ಜರ್ಮನಿ ಕೇಸ್‌ನಲ್ಲಿ ಟ್ಯೂಷನ್ ಫೀಸ್ ಇಲ್ದೇ ಇರೋದ್ರಿಂದ ಬ್ಲಾಕ್ಡ್ ಅಕೌಂಟ್ ದುಡ್ಡನ್ನ ಖರ್ಚಿನ ಲಿಸ್ಟಲ್ಲಿ ಸೇರಿಸ್ತಾರಾ ಅಂತ ಬ್ರಾಂಚಲ್ಲಿ ಮೊದಲೇ ಕೇಳಿ, ಒಂದೊಂದು ಕಡೆ ಒಂದೊಂದು ಉತ್ತರ ಬರುತ್ತೆ, ಸಣ್ಣ ಬ್ರಾಂಚ್‌ಗಿಂತ ಜಿಲ್ಲಾ ಕೇಂದ್ರದ ದೊಡ್ಡ ಬ್ರಾಂಚಿಗೆ ಹೋಗೋದೇ ವಾಸಿ. ಹೆಣ್ಮಕ್ಕಳಿಗೆ ಸ್ಟೇಟ್ ಬ್ಯಾಂಕಲ್ಲಿ ಬಡ್ಡಿ ಅರ್ಧ ಪರ್ಸೆಂಟ್ ಕಡಿಮೆ. ಎನ್‌ಬಿಎಫ್‌ಸಿಗಳು, ಅಂದ್ರೆ ಬ್ಯಾಂಕ್ ಅಲ್ಲದ ಫೈನಾನ್ಸ್ ಕಂಪನಿಗಳು, ಅಡಮಾನ ಇಲ್ದೇನೂ ಕೊಡ್ತಾರೆ, ಬಡ್ಡಿ ಜಾಸ್ತಿ, ಓದೋವಾಗಲೇ ಬಡ್ಡಿ ಕಟ್ಟೋಕೆ ಶುರು ಮಾಡಿಸ್ತಾರೆ.

ಬ್ಯಾಂಕ್ ಸಾಲದಲ್ಲಿ ಓದು ಮುಗಿದು ಒಂದು ವರ್ಷದ ತನಕ ಕಂತು ಇಲ್ಲ, ಆದ್ರೆ ಬಡ್ಡಿ ಓಡ್ತಾ ಇರುತ್ತೆ. ಹತ್ತು ಪರ್ಸೆಂಟ್ ಅಂತ ಹಿಡ್ಕೊಂಡ್ರೆ 12 ಲಕ್ಷಕ್ಕೆ ಮೂರು ವರ್ಷಕ್ಕೆ 3.6 ಲಕ್ಷ ಬಡ್ಡಿ ಕೂಡಿರುತ್ತೆ, ಅಲ್ಲಿಂದ ಹತ್ತು ವರ್ಷಕ್ಕೆ ಕಟ್ಟಿದ್ರೆ ತಿಂಗಳ ಕಂತು ಇಪ್ಪತ್ತು ಸಾವಿರದ ಮೇಲೆ. ಓದೋ ಟೈಮಲ್ಲಿ ಬಡ್ಡಿ ಮಾತ್ರ ತಿಂಗಳಿಗೆ ಹತ್ತು ಸಾವಿರ ಕಟ್ಟಿಕೊಂಡು ಹೋದ್ರೆ ಅಸಲು ಬೆಳೆಯಲ್ಲ, ಕೆಲವು ಬ್ಯಾಂಕಲ್ಲಿ ಒಂದು ಪರ್ಸೆಂಟ್ ರಿಯಾಯಿತಿನೂ ಕೊಡ್ತಾರೆ. ನಿಮ್ಮ ಹನ್ನೆರಡು ಸಾವಿರ ತಂಗಿ ಹೋದ ಮೇಲೆ ಇದಕ್ಕೆ ಹಾಕಬಹುದು.

ದಲ್ಲಾಳಿ ಅಂಗಡಿ ಎರಡು ರೂಪಾಯಿ ಅಂದ್ರೆ ವರ್ಷಕ್ಕೆ 24 ಪರ್ಸೆಂಟ್ ಸ್ವಾಮಿ. 12 ಲಕ್ಷಕ್ಕೆ ತಿಂಗಳಿಗೆ 24 ಸಾವಿರ ಬರೀ ಬಡ್ಡಿ. ಮೇಲೆ ಭತ್ತನೂ ಅವರಿಗೇ, ಅವರು ಹೇಳಿದ ರೇಟಿಗೇ ಹಾಕಬೇಕು. ಬೇಡ.

ಮಾನ್ವಿ_ಮಾವ

ಇಷ್ಟೆಲ್ಲಾ ಯಾಕ್ರೀ ತಲಿಬ್ಯಾನಿ, ಒಂದು ಎಕರೆ ಮಾರಿ ಕಳಿಸಿಬಿಡ್ರಿ. ಓದಿದ ಹುಡುಗಿ ನಾಳೆ ಯೂರೋದಾಗ ಗಳಿಸಿ ಎರಡು ಎಕರೆ ಕೊಡಸ್ತಾಳ. ಹೊರದೇಶಕ್ಕ ಓದಾಕ ಹೋಗೋರಿಗೂ ಪಿಎಂ ವಿದ್ಯಾಲಕ್ಷ್ಮಿ ಅಂತ ಹೊಸ ಸ್ಕೀಮ್ ಬಂದೈತಲ್ಲ, ಅದರಾಗ ಅಡಮಾನ ಇಲ್ದನ ಕೊಡ್ತಾರಂತ.

ಶಕ್ತಿನಗರ_ಅಕ್ಕ (ರಾಯಚೂರು)

ಮಾವಾರ, ಪಿಎಂ ವಿದ್ಯಾಲಕ್ಷ್ಮಿ ಯೋಜನೆ ಇಲ್ಲಿನ ಆಯ್ದ ಕಾಲೇಜಿಗೆ ಮಾತ್ರ ಅದ, ಹೊರದೇಶಕ್ಕ ನಡಿಯಂಗಿಲ್ಲ. ನಮ್ಮ 371ಜೆ (ಕಲ್ಯಾಣ ಕರ್ನಾಟಕದ ಮೀಸಲಾತಿ) ಹೆಂಗ ಬರ್ಲಿನ್‌ನಾಗ ನಡಿಯಂಗಿಲ್ಲೋ ಹಂಗ. ವಿದ್ಯಾಲಕ್ಷ್ಮಿ ಪೋರ್ಟಲ್ ಅಂದ್ರ ಸಾಲಕ್ಕ ಅರ್ಜಿ ಹಾಕೋ ವೆಬ್‌ಸೈಟ್, ಯೋಜನೆ ಅಲ್ಲ, ಮಂದಿ ಎರಡನ್ನೂ ಕಲಸ್ತಾರ.

ಹೊಲ ಮಾರೋ ಮಾತಿಗೆ ನಾ ಒಪ್ಪಂಗಿಲ್ಲ. ನೀರಿಲ್ಲದ ವರ್ಷ ಮಾರಾಕ ಹೋದ್ರ ರೇಟು ಯಾರು ಕೊಡ್ತಾರ? ಗಿರಾಕಿಗೆ ಗೊತ್ತಿರ್ತದ ಇವರಿಗೆ ಅವಸರ ಅದ ಅಂತ. ಮತ್ತ ಮನ್ಯಾಗ ತಂಗಿ ಸಲುವಾಗಿ ಹೊಲ ಹೋತು ಅನ್ನೋ ಮಾತು ಆ ಹುಡುಗಿ ಜೀವನ ಪೂರ್ತಿ ಕೇಳಬೇಕಾಗ್ತದ, ಗಂಡ್ಹುಡುಗ ಹೋಗಿದ್ರ ಯಾರೂ ಅನ್ನಂಗಿಲ್ಲ ಅದನ್ನ.

ಸ್ಕಾಲರ್‌ಶಿಪ್ ಬಗ್ಗೆ ಯಾರೂ ಹೇಳ್ಲಿಲ್ಲ. ನಿಮ್ಮ ಜಾತಿ ಯಾವುದು ಅಂತ ಇಲ್ಲಿ ಕೇಳಂಗಿಲ್ಲ, ನೀವೇ ನೋಡ್ಕೊಳ್ರಿ. ಎಸ್‌ಸಿ ಎಸ್‌ಟಿ ಆದ್ರ ಸಮಾಜ ಕಲ್ಯಾಣ ಇಲಾಖೆ ಪ್ರಬುದ್ಧ ಯೋಜನೆ ಅದ. ಕೇಂದ್ರದ್ದು ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್, ಎಸ್‌ಸಿ, ಅಲೆಮಾರಿ ಸಮುದಾಯ, ಭೂಮಿ ಇಲ್ಲದ ಕೃಷಿ ಕೂಲಿಕಾರರು, ಸಾಂಪ್ರದಾಯಿಕ ಕುಶಲಕರ್ಮಿಗಳ ಮಕ್ಕಳಿಗೆ, ಮನಿ ಆದಾಯ 8 ಲಕ್ಷದ ಒಳಗಿರಬೇಕು, ಇಡೀ ದೇಶಕ್ಕ 125 ಸೀಟು. ಹಿಂದುಳಿದ ವರ್ಗದವರಿಗೆ ದೇವರಾಜ ಅರಸು ನಿಗಮ, ಅಲ್ಪಸಂಖ್ಯಾತರಿಗೆ ಅವರ ನಿಗಮ, ಲಿಂಗಾಯತರಿಗೆ ಅವರ ನಿಗಮದ ವಿದೇಶ ವಿದ್ಯಾವಿಕಾಸ, ಹಿಂಗ ಸಾಲದ ಯೋಜನೆ ಅದಾವ. ಅರ್ಜಿ ಕರಿಯೋದು ವರ್ಷಕ್ಕೊಮ್ಮೆ, ಹದಿನೈದು ದಿನ ಇಪ್ಪತ್ತು ದಿನ ತೆರೆದು ಮುಚ್ಚಿಬಿಡ್ತಾರ, ನಾಡಕಚೇರಿಯಿಂದ ಜಾತಿ ಆದಾಯ ಪ್ರಮಾಣಪತ್ರ ತಯಾರ ಇಟ್ಟುಕೊಂಡವ್ರಿಗೆ ಮಾತ್ರ ಸಿಗ್ತದ. ಮಂಜೂರಾದ್ರೂ ರೊಕ್ಕ ಯಾವ ತಿಂಗಳು ಅಕೌಂಟಿಗೆ ಬೀಳ್ತದ ಅನ್ನೋದು ದೇವರಿಗೇ ಗೊತ್ತು, ಹಿಂಗಾಗಿ ಅದನ್ನ ನಂಬಿ ಟಿಕೆಟ್ ಮಾಡ್ಬ್ಯಾಡ್ರಿ, ಬಂದ್ರ ಬ್ಯಾಂಕ್ ಸಾಲಕ್ಕ ತುಂಬ್ರಿ.

ಜಾತಿ ಆದಾಯ ಏನೂ ನೋಡದನ ಕೊಡೋದು ಯುರೋಪಿಯನ್ ಯೂನಿಯನ್‌ನ ಎರಾಸ್ಮಸ್ ಮುಂಡಸ್ ಸ್ಕಾಲರ್‌ಶಿಪ್. ಫೀಸ್ ಪೂರ್ತಿ, ಮ್ಯಾಲೆ ತಿಂಗಳಿಗೆ 1,400 ಯೂರೋ. ಪೈಪೋಟಿ ಭಾಳ ಅದ, ಆದ್ರ ಹಾಕಾಕ ರೊಕ್ಕ ಹತ್ತಂಗಿಲ್ಲ. ಕೋರ್ಸ್ ಶುರು ಆಗೋಕಿಂತ ಬಹಳ ಮೊದಲ, ಅಕ್ಟೋಬರಿಂದ ಜನವರಿ ಒಳಗ, ಅರ್ಜಿ ಹಾಕಬೇಕಾಗ್ತದ. 2027ಕ್ಕ ಹೋಗೋದಾದ್ರ 2026ರ ದೀಪಾವಳಿ ಹೊತ್ತಿಗೆ ಅಕಿ ಕೂತು ಬರೀಬೇಕು.

ಎಡದಂಡೆ_ಹುಡುಗ (ಸಿಂಧನೂರು)

ಎಲ್ಲರಿಗೂ ಭಾಳ ಥ್ಯಾಂಕ್ಸ್ ರೀ. ಕೋಟೆ_ಮೆಟ್ಟಿಲು ಸರ್, ನೀವು ಹೇಳಿದ್ದು ಓದಿ ಅಪ್ಪಗ ಫೋನ್ ಹಚ್ಚಿ ಕೇಳಿದೆ, ಮನಿ ಅಜ್ಜನ ಹೆಸರಿನಾಗ ಐತಂತ! ಅಪ್ಪ ಕಾಕಾ ಇಬ್ಬರ, ಅತ್ತಿ ಒಬ್ಬಾಕಿ ಗಂಗಾವತಿಯಾಗ. ಕಾಕಾ ಸಹಿ ಹಾಕ್ತಾರ, ಅತ್ತಿಗೆ ದಸರಾಕ್ಕ ಸೀರಿ ಒಯ್ದು ಮಾತಾಡ್ಬೇಕು. ಮುಂದಿನ ವಾರ ಪಂಚಾಯ್ತಿಗೆ ಹೋಗ್ತೀನಿ.

ಇನ್ನೆರಡು ಡೌಟು. ಸಾಲಕ್ಕ ನಾ ಕೋ-ಅಪ್ಲಿಕೆಂಟ್ ಆದ್ರ ನನಗ ಟ್ಯಾಕ್ಸ್‌ನಾಗ ಏನರ ಬಿಡ್ತಾರೇನು? ತಂಗಿ ಅಲ್ಲಿ ಪಾರ್ಟ್‌ಟೈಮ್ ಮಾಡಿದ್ರ ಎರಡನೇ ವರ್ಷದ ಖರ್ಚು ಹೊರಡ್ತೈತಾ, ಇಲ್ಲ ಮತ್ತ ಹದಿಮೂರು ಲಕ್ಷ ತಯಾರ ಮಾಡಬೇಕಾ?

ಕೋಟೆ_ಮೆಟ್ಟಿಲು (ಬಳ್ಳಾರಿ)

ಎಜುಕೇಷನ್ ಲೋನ್ ಬಡ್ಡಿಗೆ ಟ್ಯಾಕ್ಸ್ ವಿನಾಯಿತಿ ಸಿಗೋದು ತನ್ನ ಓದಿಗೆ, ಗಂಡ ಹೆಂಡತಿ ಓದಿಗೆ, ಮಕ್ಕಳ ಓದಿಗೆ, ಅಥವಾ ಕಾನೂನು ಪ್ರಕಾರ ಗಾರ್ಡಿಯನ್ ಆಗಿದ್ರೆ. ತಂಗಿ ಸಾಲಕ್ಕೆ ಅಣ್ಣ ಕಟ್ಟಿದ್ರೆ ಸಿಗಲ್ಲ. ಅದೂ ಹಳೇ ಟ್ಯಾಕ್ಸ್ ಪದ್ಧತಿಯಲ್ಲಿ ಮಾತ್ರ, ನಿಮ್ಮ ಸಂಬಳಕ್ಕೆ ಹೊಸ ಪದ್ಧತಿಯಲ್ಲಿ ಟ್ಯಾಕ್ಸೇ ಬರಲ್ಲ, ಹಂಗಾಗಿ ಲಾಸ್ ಏನಿಲ್ಲ ಬಿಡಿ. ಅಪ್ಪನ್ನ ಮೊದಲ ಕೋ-ಅಪ್ಲಿಕೆಂಟ್ ಮಾಡಿ, ಆಸ್ತಿ ಅವರ ಹೆಸರಿಗೆ ಬರುತ್ತಲ್ಲ, ನೀವು ಆದಾಯದ ದಾಖಲೆಗೆ ಜೊತೆಗೆ ನಿಲ್ಲಿ. ಒಕ್ಕಲುತನದ ಆದಾಯಕ್ಕೆ ರಿಟರ್ನ್ ಇರಲ್ಲ, ಬ್ಯಾಂಕ್‌ಗೆ ಬೇಕಾಗಿರೋದು ನಿಮ್ಮ ಫಾರಂ 16.

ಹೊರದೇಶಕ್ಕೆ ದುಡ್ಡು ಕಳಿಸೋವಾಗ ಟಿಸಿಎಸ್ ಅಂತ ಮುಂಗಡ ಟ್ಯಾಕ್ಸ್ ಹಿಡೀತಾರೆ ಅಂತ ಯಾರಾದ್ರೂ ಹೆದರಿಸಿದ್ರೆ ಹೆದರಬೇಡಿ. 2025ರ ಏಪ್ರಿಲ್‌ನಿಂದ ಬ್ಯಾಂಕಿನ ಎಜುಕೇಷನ್ ಲೋನ್ ದುಡ್ಡಿಗೆ ಟಿಸಿಎಸ್ ಇಲ್ಲ, ಸ್ವಂತ ದುಡ್ಡಿಗೂ ವರ್ಷಕ್ಕೆ 10 ಲಕ್ಷ ದಾಟಿದ ಮೇಲಿನ ಭಾಗಕ್ಕೆ ಮಾತ್ರ, ಅದೂ ರಿಟರ್ನ್ ಹಾಕಿದ್ರೆ ವಾಪಸ್ ಬರುತ್ತೆ.

ಗಂಗಾವತಿ_ಗಿರಣಿ

ನಡುವೆ ಬಾಯಿ ಹಾಕ್ತೀನಿ, ನನ್ನ ಮಗಳು ಈಗ ಏಳನೇ ಕ್ಲಾಸು, ಸುಕನ್ಯಾ ಅಕೌಂಟ್ ಐತಿ. ಅದನ್ನ ಹೊರದೇಶದ ಓದಿಗೆ ತೆಗೀಬಹುದಾ?

ಶಕ್ತಿನಗರ_ಅಕ್ಕ (ರಾಯಚೂರು)

ಹದಿನೆಂಟು ತುಂಬಿದ ಮ್ಯಾಲೆ ಅಥವಾ ಹತ್ತನೇ ಕ್ಲಾಸ್ ಪಾಸಾದ ಮ್ಯಾಲೆ ಹಿಂದಿನ ವರ್ಷದ ಬ್ಯಾಲೆನ್ಸಿನ ಅರ್ಧ ತನಕ ಓದಿಗೆ ತೆಗೀಬಹುದು, ಅಡ್ಮಿಷನ್ ಲೆಟರ್, ಫೀಸ್ ಚೀಟಿ ತೋರಿಸಬೇಕು. ಉಳಿದ ಅರ್ಧ ಖಾತೆ ತೆರೆದು 21 ವರ್ಷ ಆಗೋ ತನಕ ಸಿಗಂಗಿಲ್ಲ, ಮದುವೆ ಆದ್ರ ಬ್ಯಾರೆ. ಹಿಂಗಾಗಿ ಪೂರ್ತಿ ಅದರ ಮ್ಯಾಲೆ ನಿಂದರಬ್ಯಾಡ್ರಿ, ಜೊತಿಗೆ ಒಂದು ಆರ್‌ಡಿ ಇರ್ಲಿ.

ಕುಕನೂರು_ಕೆಮ್ನಿಟ್ಸ್

ಪಾರ್ಟ್‌ಟೈಮ್ ಬಗ್ಗೆ ಕೇಳಿದ್ರಿ. ವರ್ಷಕ್ಕ 140 ಪೂರ್ಣ ದಿನ ಅಥವಾ 280 ಅರ್ಧ ದಿನ ಕೆಲಸ ಮಾಡಾಕ ಬಿಡ್ತಾರ. ಕನಿಷ್ಠ ಕೂಲಿ 2026ರಿಂದ ಗಂಟಿಗೆ 13.90 ಯೂರೋ, ಮಿನಿಜಾಬ್ ಅಂದ್ರ ತಿಂಗಳಿಗೆ 603 ಯೂರೋ ತನಕ. ಸಣ್ಣ ಊರಾಗ, ಹಾಸ್ಟೆಲ್ ರೂಮ್ ಸಿಕ್ರ, ಅದರಾಗ ಬಾಡಿಗಿ ಮತ್ತ ಇನ್ಶೂರೆನ್ಸ್ ಹೊರಡ್ತೈತಿ, ಊಟಕ್ಕ ಸ್ವಲ್ಪ ಉಳೀತೈತಿ. ಆದ್ರ ಮೊದಲ ಸೆಮಿಸ್ಟರ್ ಕೆಲಸ ಸಿಗ್ತೈತಿ ಅಂತ ಲೆಕ್ಕ ಹಾಕಬ್ಯಾಡ್ರಿ. ಜರ್ಮನ್ ಬರಂಗಿಲ್ಲ ಅಂದ್ರ ಗೋದಾಮಿನಾಗ ಪ್ಯಾಕಿಂಗ್, ರಾತ್ರಿ ಪಾಳಿ, ಮರುದಿನ ಬೆಳಿಗ್ಗೆ ಲ್ಯಾಬ್‌ನಾಗ ನಿದ್ದಿ ಹೊಡಿಯೋದು. ಭಾಷಿ ಬಂದ್ರ ಎಲೆಕ್ಟ್ರಿಕಲ್‌ನವ್ರಿಗೆ ಕಂಪನಿಯಾಗ ವರ್ಕಿಂಗ್ ಸ್ಟೂಡೆಂಟ್ ಕೆಲಸ ಸಿಗ್ತೈತಿ, ಅದಕ್ಕ ರೊಕ್ಕಾನೂ ಜಾಸ್ತಿ, ಆಮ್ಯಾಲೆ ನೌಕರಿಗೂ ಅದ ದಾರಿ. ಹಿಂಗಾಗಿ ಈಗ ರಜಾದಾಗಿಂದ ಜರ್ಮನ್ ಭಾಷಿಯ ಮೊದಲ ಹಂತ ಎ1 ಶುರು ಮಾಡ್ಸಿರಿ, ಆನ್‌ಲೈನ್ ಆದ್ರೂ ನಡೀತೈತಿ, ಹೋಗೋ ಹೊತ್ತಿಗೆ ಮೂರನೇ ಹಂತ ಬಿ1 ಮುಗಿದ್ರ ನೀವು ಎರಡನೇ ವರ್ಷಕ್ಕ ಕಳಿಸೋ ರೊಕ್ಕ ಅರ್ಧಕ್ಕ ಇಳಿತೈತಿ.

ಜರ್ಮನಿಯಾಗ ಇರಾಕ ಕೊಡೋ ಪರ್ಮಿಟ್ ರಿನ್ಯೂ ಮಾಡಬೇಕಾದ್ರ ಮುಂದಿನ ವರ್ಷಕ್ಕ ರೊಕ್ಕ ಐತಿ ಅಂತ ತೋರಸಬೇಕು, ಅಕಿ ದುಡಿಯೋ ಪಗಾರ ಚೀಟಿ ಇದ್ರ ಅದನ್ನೂ ಲೆಕ್ಕಕ್ಕ ತಗೊಂತಾರ, ಊರಿನ ಆಫೀಸ್ ಮ್ಯಾಲೆ ಹೋಗ್ತೈತಿ. ಅದಕ್ಕ ಸಾಲ ಮಂಜೂರ ಮಾಡ್ಸೋವಾಗ ಎರಡೂ ವರ್ಷಕ್ಕ ಸೇರಿಸಿ ಮಾಡ್ಸಿರಿ, ಎತ್ತೋದು ಮಾತ್ರ ಮೊದಲ ವರ್ಷದ್ದು ಎತ್ರಿ. ಎತ್ತದ ರೊಕ್ಕಕ್ಕ ಬಡ್ಡಿ ಇಲ್ಲ, ಬೇಕಾದ್ರ ಐತಿ. ಓದು ಮುಗಿದ ಮ್ಯಾಲೆ ನೌಕರಿ ಹುಡುಕಾಕ 18 ತಿಂಗಳು ಪರ್ಮಿಟ್ ಕೊಡ್ತಾರ, ಆ ಟೈಮಿಗೂ ಸ್ವಲ್ಪ ಇಟ್ಕೊಂಡಿರಬೇಕು, ಬ್ಯಾಂಕ್ ಕಂತು ಶುರು ಆಗೋದೂ ಅಷ್ಟರಾಗ.

ಬ್ಲಾಕ್ಡ್ ಅಕೌಂಟ್ ಅಡ್ಮಿಷನ್ ಬಂದ ಮ್ಯಾಲೆ ತೆಗೀರಿ, ಈಗ ಬ್ಯಾಡ. ಅಲ್ಲಿ ತನಕ ನಿಮ್ಮ ಹನ್ನೆರಡು ಸಾವಿರ ಆರ್‌ಡಿಗೆ ಹಾಕ್ರಿ, ಷೇರು ಗೀರು ಅಂತ ಯಾರರ ಹೇಳಿದ್ರ ಕಿವಿಗೆ ಹಾಕ್ಕೊಬ್ಯಾಡ್ರಿ, ಹದಿನೆಂಟು ತಿಂಗಳಿಗೆ ಅದೆಲ್ಲ ಸರಿ ಬರಂಗಿಲ್ಲ. ತಂಗಿಗೆ ಪಾಸ್‌ಪೋರ್ಟ್ ಐತೇನು? ಇಲ್ಲಂದ್ರ ರಾಯಚೂರು ಪೋಸ್ಟ್ ಆಫೀಸಿನಾಗ ಆಗ್ತೈತಿ, ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಾಗ ಇದ್ದಂಗ ಹೆಸರು, ಇನಿಷಿಯಲ್ ಬಿಡಿಸಿ ಬರೆಸಿದ್ದು ಎಲ್ಲಾ ಕಡಿ ಒಂದ ಇರ್ಲಿ, ಇಲ್ಲಾಂದ್ರ ಎಪಿಎಸ್‌ಗೆ ಅಫಿಡವಿಟ್ ಮಾಡ್ಸಕೋತ ಕೂಡಬೇಕಾಗ್ತೈತಿ.